ಚಿತ್ರ ಯಾರದು?
ಭಾವಚಿತ್ರ ಮತ್ತು ಫ್ಯಾಷನ್ ಛಾಯಾಗ್ರಾಹಕರ ಬದುಕಿನಿಂದ ಕೆಲವು ಪಾಠಗಳು

ಒಂದು ಭಾವಚಿತ್ರಕ್ಕೆ ಕನಿಷ್ಠ ಇಬ್ಬರು ಬೇಕು. ಕ್ಯಾಮೆರಾದ ಹಿಂದೆ ಒಬ್ಬರು, ಮುಂದೆ ಒಬ್ಬರು. ಮುಂದೆ ಕುಳಿತವರಿಗೆ ತಾವು ಹೀಗೆ ಕಾಣಬೇಕು ಎಂಬ ಆಸೆ ಇರುತ್ತದೆ. ಹಿಂದೆ ನಿಂತವರಿಗೆ ತಾವು ಇಂಥದ್ದನ್ನು ತೋರಿಸಬೇಕು ಎಂಬ ಹಂಬಲ ಇರುತ್ತದೆ. ಈ ಎರಡೂ ಒಂದೇ ಆಗಿರಬೇಕೆಂದೇನೂ ಇಲ್ಲ. ಹಾಗಾದರೆ ಕೊನೆಗೆ ಸಿದ್ಧವಾಗುವ ಚಿತ್ರ ಯಾರದು?

ಹಿಂದೆ ಈ ಪ್ರಶ್ನೆ ಸ್ಟುಡಿಯೋ ಇಟ್ಟುಕೊಂಡವರಿಗೆ ಮಾತ್ರ ಸೇರಿದ್ದಾಗಿತ್ತು. ಈಗ ಹಾಗಿಲ್ಲ. ಈದ್ ದಿನ ಹೊಸ ಬಟ್ಟೆ ತೊಟ್ಟ ತಮ್ಮ, ಮದುವೆ ಮನೆಯಲ್ಲಿ ನಗುತ್ತಿರುವ ಅಜ್ಜಿ, ವಾರ್ಷಿಕೋತ್ಸವದ ದಿನ ಸಾಲಾಗಿ ನಿಂತ ಗೆಳೆಯರು, ಹೀಗೆ ನಾವು ದಿನಕ್ಕೆ ಎಷ್ಟೋ ಮುಖಗಳನ್ನು ಮೊಬೈಲಿನಲ್ಲಿ ಸೆರೆಹಿಡಿಯುತ್ತೇವೆ. ಕೆಲವನ್ನು ಕೇಳದೆಯೇ ತೆಗೆಯುತ್ತೇವೆ, ಕೇಳದೆಯೇ ಇನ್ನೊಬ್ಬರಿಗೆ ಕಳುಹಿಸುತ್ತೇವೆ. ಆದ್ದರಿಂದ ಈ ಕಲೆಯನ್ನೇ ಬದುಕಾಗಿಸಿಕೊಂಡ ಕೆಲವರು ಈ ಪ್ರಶ್ನೆಗೆ ಏನು ಉತ್ತರ ಕಂಡುಕೊಂಡರು ಎಂದು ತಿಳಿಯುವುದು ನಮಗೆ ಉಪಯುಕ್ತ.

ಮೊದಲು ಎರಡು ಪದಗಳನ್ನು ಸ್ಪಷ್ಟ ಮಾಡಿಕೊಳ್ಳೋಣ. ಒಬ್ಬ ವ್ಯಕ್ತಿಯ ಸ್ವಭಾವ, ಸ್ಥಿತಿ, ಘನತೆ ಕಾಣುವಂತೆ ತೆಗೆದ ಚಿತ್ರ ಭಾವಚಿತ್ರ. ಒಂದು ಉಡುಪನ್ನು ನೋಡುವವರು ಇಷ್ಟಪಡುವಂತೆ, ಕೊಳ್ಳುವಂತೆ ತೆಗೆದ ಚಿತ್ರ ಫ್ಯಾಷನ್ ಚಿತ್ರ. ಮೊದಲನೆಯದರಲ್ಲಿ ವ್ಯಕ್ತಿ ಮುಖ್ಯ, ಎರಡನೆಯದರಲ್ಲಿ ಬಟ್ಟೆ ಮುಖ್ಯ ಎನ್ನುತ್ತಾರೆ. ಆದರೆ ಬಟ್ಟೆಯನ್ನು ತೊಡುವವರೂ ಮನುಷ್ಯರೇ, ಭಾವಚಿತ್ರಕ್ಕೆ ಕುಳಿತವರೂ ಬಟ್ಟೆ ಆರಿಸಿಕೊಂಡೇ ಬಂದಿರುತ್ತಾರೆ. ಹಾಗಾಗಿ ದೊಡ್ಡ ಛಾಯಾಗ್ರಾಹಕರಲ್ಲಿ ಹಲವರು ಎರಡೂ ಕಡೆ ಕೆಲಸ ಮಾಡಿದರು.

ಚುರುಟು ಕಿತ್ತುಕೊಂಡ ನಿರಾಶ್ರಿತ

ಯೂಸುಫ್ ಕಾರ್ಶ್ ಹುಟ್ಟಿದ್ದು 1908ರಲ್ಲಿ, ಆಗಿನ ಉಸ್ಮಾನಿಯಾ ಸಾಮ್ರಾಜ್ಯದ ಮಾರ್ದಿನ್ ಎಂಬ ಊರಿನಲ್ಲಿ. ಅರ್ಮೇನಿಯನ್ ಕುಟುಂಬ. ಆ ಕಾಲದಲ್ಲಿ ಅರ್ಮೇನಿಯನ್ನರ ಮೇಲೆ ನಡೆದ ಹಿಂಸೆ, ಹಸಿವು, ರೋಗಗಳ ನಡುವೆ ಅವರ ಬಾಲ್ಯ ಕಳೆಯಿತು. 1922ರಲ್ಲಿ ಕುಟುಂಬ ಮನೆಮಾರು ಬಿಟ್ಟು ಸಿರಿಯಾದ ಅಲೆಪ್ಪೊ ಸೇರಿತು. ಎರಡು ವರ್ಷಗಳ ನಂತರ ತಂದೆತಾಯಿ 16 ವರ್ಷದ ಹುಡುಗನನ್ನು ಒಬ್ಬನೇ ಹಡಗು ಹತ್ತಿಸಿ ಕೆನಡಾದಲ್ಲಿದ್ದ ಸೋದರಮಾವನ ಬಳಿಗೆ ಕಳುಹಿಸಿದರು. ಹುಡುಗನಿಗೆ ವೈದ್ಯನಾಗುವ ಆಸೆಯಿತ್ತು. ಮಾವ ಜಾರ್ಜ್ ನಕಾಶ್ ಅವರದು ಫೋಟೋ ಸ್ಟುಡಿಯೋ. ಅಲ್ಲಿ ಕೈಗೆ ಬಂದ ಕ್ಯಾಮೆರಾ ಬದುಕಿನ ದಿಕ್ಕನ್ನೇ ಬದಲಿಸಿತು.

ಮಾವ ಅವರನ್ನು ಬಾಸ್ಟನ್ ನಗರದ ಜಾನ್ ಗಾರೋ ಎಂಬ ಹಿರಿಯ ಛಾಯಾಗ್ರಾಹಕರ ಬಳಿ ಶಿಷ್ಯನಾಗಿ ಬಿಟ್ಟರು. ಗಾರೋ ಸಹಜ ಬೆಳಕಿನಲ್ಲೇ ಚಿತ್ರ ತೆಗೆಯುತ್ತಿದ್ದವರು. ಶಿಷ್ಯ ಬಿಡುವಿನಲ್ಲಿ ಹಳೆಯ ಮಹಾನ್ ಚಿತ್ರಕಾರರ ಕೃತಿಗಳನ್ನು ನೋಡುತ್ತಾ ಮುಖದ ಮೇಲೆ ಬೆಳಕು ಬೀಳುವ ಬಗೆಯನ್ನು ಅಭ್ಯಾಸ ಮಾಡಿದರು. ಮುಂದೆ ಒಟ್ಟಾವಾದಲ್ಲಿ ಸ್ವಂತ ಸ್ಟುಡಿಯೋ ತೆರೆದಾಗ ಅಲ್ಲಿನ ಒಂದು ಹವ್ಯಾಸಿ ನಾಟಕ ತಂಡದ ಗೆಳೆತನವಾಯಿತು. ರಂಗದ ದೀಪಗಳನ್ನು ಬೇಕಾದಂತೆ ಹೊರಳಿಸಿ ನಟನ ಮನಸ್ಥಿತಿಯನ್ನೇ ಬದಲಿಸಿ ತೋರಿಸಬಹುದು ಎಂಬುದನ್ನು ಕಾರ್ಶ್ ಕಲಿತದ್ದು ಅಲ್ಲಿ.

1941ರ ಡಿಸೆಂಬರ್ 30ರಂದು ಬ್ರಿಟನ್ನಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಕೆನಡಾದ ಸಂಸತ್ತಿನಲ್ಲಿ ಭಾಷಣ ಮಾಡಿದರು. ಯುದ್ಧದ ಕಾಲ. ಪಕ್ಕದ ಕೋಣೆಯಲ್ಲಿ ಕಾರ್ಶ್ ದೀಪಗಳನ್ನು ಹೊಂದಿಸಿ ಕಾಯುತ್ತಿದ್ದರು. ಫೋಟೋ ತೆಗೆಯುವ ವಿಷಯವನ್ನು ಯಾರೂ ಚರ್ಚಿಲ್‌ಗೆ ತಿಳಿಸಿರಲಿಲ್ಲ. ಅವರು ಸಿಡುಕುತ್ತಲೇ ಒಂದು ಚಿತ್ರಕ್ಕೆ ಒಪ್ಪಿ ಚುರುಟು ಹಚ್ಚಿದರು. ಬೂದಿ ಬಟ್ಟಲನ್ನು ಮುಂದೆ ಹಿಡಿದರೂ ಚುರುಟು ಕೆಳಗಿಡಲಿಲ್ಲ. ಕಾರ್ಶ್ ಹತ್ತಿರ ಹೋಗಿ, ಕ್ಷಮೆ ಕೇಳಿ, ಚುರುಟನ್ನು ಬಾಯಿಂದಲೇ ತೆಗೆದುಬಿಟ್ಟರು. ಹಿಂದಿರುಗಿ ಕ್ಯಾಮೆರಾದ ಬಳಿ ಬರುವಷ್ಟರಲ್ಲಿ ಚರ್ಚಿಲ್ ಮುಖ ಕೆಂಡವಾಗಿತ್ತು. ಆ ಕ್ಷಣವೇ ಚಿತ್ರವಾಯಿತು. ಹಿಟ್ಲರನಿಗೆ ಬಗ್ಗದ ಬ್ರಿಟನ್ನಿನ ಮುಖ ಎಂದು ಜಗತ್ತು ಅದನ್ನು ಓದಿಕೊಂಡಿತು. 2016ರಲ್ಲಿ ಬಂದ ಬ್ರಿಟನ್ನಿನ 5 ಪೌಂಡ್ ನೋಟಿನ ಮೇಲೂ ಅದೇ ಚಿತ್ರದ ಆಧಾರದ ಮುಖವಿದೆ.

ಇಲ್ಲಿ ಯೋಚಿಸಬೇಕಾದ ಸಂಗತಿಯಿದೆ. ಜಗತ್ತು ಯುದ್ಧದ ಛಲ ಎಂದುಕೊಂಡದ್ದು, ನಿಜದಲ್ಲಿ ಚುರುಟು ಕಳೆದುಕೊಂಡ ಸಿಟ್ಟು. ಅದಾದ ಕೂಡಲೇ ಚರ್ಚಿಲ್ ನಕ್ಕು ಇನ್ನೊಂದು ಚಿತ್ರಕ್ಕೂ ನಿಂತರು. ನಗುವ ಆ ಚಿತ್ರವೂ ಅಷ್ಟೇ ನಿಜ, ಆದರೆ ಅದನ್ನು ಬಲ್ಲವರು ಕಡಿಮೆ. ಒಂದು ಮುಖದ ಹಲವು ಕ್ಷಣಗಳಲ್ಲಿ ಯಾವುದನ್ನು ಉಳಿಸಬೇಕು ಎಂಬ ತೀರ್ಮಾನ ಕುಳಿತವರ ಕೈಯಲ್ಲಿ ಇರುವುದಿಲ್ಲ.

ಕಾರ್ಶ್ ಈ ಅಧಿಕಾರವನ್ನು ಯಾವಾಗಲೂ ಹೀಗೆ ಬಳಸಲಿಲ್ಲ. 1954ರಲ್ಲಿ ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸ್ ಅವರ ಚಿತ್ರ ತೆಗೆಯಲು ಫ್ರಾನ್ಸಿಗೆ ಹೋದರು. ಹಳೆಯ ಮಠವೊಂದರ ಕತ್ತಲ ಕೋಣೆಯಲ್ಲಿ ಕಸಾಲ್ಸ್ ನುಡಿಸತೊಡಗಿದರು. ಕಾರ್ಶ್ ಅವರ ಮಗ್ನತೆಯನ್ನು ಕೆಡಿಸದೆ ಬೆನ್ನ ಹಿಂದಿನಿಂದಲೇ ಚಿತ್ರ ತೆಗೆದರು. ಮುಖವೇ ಇಲ್ಲದ ಭಾವಚಿತ್ರ ಅದು. ಅದು ಬಾಸ್ಟನ್ನಿನ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿದ್ದಾಗ ಹಿರಿಯರೊಬ್ಬರು ದಿನವೂ ಬಂದು ಅದರ ಮುಂದೆ ನಿಲ್ಲುತ್ತಿದ್ದರಂತೆ. ಯಾಕೆ ಎಂದು ಕೇಳಿದ ಅಧಿಕಾರಿಗೆ, ಸುಮ್ಮನಿರಿ, ನಾನು ಸಂಗೀತ ಕೇಳುತ್ತಿದ್ದೇನೆ ಎಂಬರ್ಥದ ಉತ್ತರ ಕೊಟ್ಟರು ಎಂದು ಕಾರ್ಶ್ ನೆನಪಿಸಿಕೊಂಡಿದ್ದಾರೆ.

ಬಮಾಕೊದ ಅಂಗಳ

ಈಗ ಪಶ್ಚಿಮ ಆಫ್ರಿಕಾದ ಮಾಲಿ ದೇಶಕ್ಕೆ ಹೋಗೋಣ. ಅಲ್ಲಿ ಒಬ್ಬ ಛಾಯಾಗ್ರಾಹಕ ನಮ್ಮ ಪ್ರಶ್ನೆಗೆ ಬೇರೆಯೇ ಉತ್ತರ ಕೊಟ್ಟರು.

ಸೆಯ್ದು ಕೇಯ್ಟಾ ಸುಮಾರು 1921ರಲ್ಲಿ ಬಮಾಕೊ ನಗರದಲ್ಲಿ ಹುಟ್ಟಿದರು. ಬಡಗಿ ಕೆಲಸದ ಮನೆತನ, ಅವರೂ ಅದನ್ನೇ ಕಲಿತರು. 1935ರಲ್ಲಿ ಸೆನೆಗಲ್‌ಗೆ ಹೋಗಿಬಂದ ಚಿಕ್ಕಪ್ಪ ಒಂದು ಪುಟ್ಟ ಕೊಡಕ್ ಕ್ಯಾಮೆರಾ ತಂದುಕೊಟ್ಟರು. ಶಾಲೆಯಲ್ಲಿ ಕಲಿತ ವಿದ್ಯೆಯಲ್ಲ, ಊರಿನ ಹಿರಿಯ ಛಾಯಾಗ್ರಾಹಕರನ್ನು ಕೇಳಿ, ನೋಡಿ, ಮಾಡಿ ಕಲಿತ ವಿದ್ಯೆ. 1948ರಲ್ಲಿ ಮನೆಯವರ ಜಾಗದಲ್ಲಿ ಸ್ಟುಡಿಯೋ ತೆರೆದರು. ರೈಲು ನಿಲ್ದಾಣ ಹತ್ತಿರ, ಜನ ಓಡಾಡುವ ಜಾಗ.

ಮಾಲಿ ಆಗಿನ್ನೂ ಫ್ರೆಂಚರ ವಸಾಹತು. ಯುರೋಪಿನಿಂದ ಬಂದವರು ಆಫ್ರಿಕಾದ ಜನರ ಚಿತ್ರ ತೆಗೆದು ಪೋಸ್ಟ್‌ಕಾರ್ಡುಗಳಲ್ಲಿ ಮಾರುತ್ತಿದ್ದ ಕಾಲ ದೂರವಾಗಿರಲಿಲ್ಲ. ಆ ಚಿತ್ರಗಳಲ್ಲಿ ಇರುವವರು ತಮಗಾಗಿ ಚಿತ್ರ ತೆಗೆಸಿಕೊಂಡವರಲ್ಲ, ಅವರನ್ನು ಮಾದರಿಗಳಂತೆ ನಿಲ್ಲಿಸಲಾಗುತ್ತಿತ್ತು. ಕೇಯ್ಟಾ ಅವರ ಅಂಗಳಕ್ಕೆ ಬಂದವರು ತಾವೇ ಹಣ ಕೊಟ್ಟು ತಮಗಾಗಿ ಚಿತ್ರ ತೆಗೆಸಿಕೊಂಡರು. ಈ ಸಣ್ಣ ವ್ಯತ್ಯಾಸದಲ್ಲೇ ಎಲ್ಲವೂ ಇದೆ.

ಅವರು ಹೆಚ್ಚಾಗಿ ಹಗಲು ಬೆಳಕಿನಲ್ಲಿ ಕೆಲಸ ಮಾಡುತ್ತಿದ್ದರು. ಹಿಂದೆ ಒಂದು ಚಿತ್ತಾರದ ಬಟ್ಟೆ. ಮೊದಲ ಬಟ್ಟೆ ಅವರದೇ ಹಾಸಿಗೆಯ ಹೊದಿಕೆಯಾಗಿತ್ತು. ಕೆಲವು ವರ್ಷಗಳಿಗೊಮ್ಮೆ ಅದನ್ನು ಬದಲಿಸುತ್ತಿದ್ದರು, ಈಗ ಚಿತ್ರಗಳ ಕಾಲವನ್ನು ಗುರುತಿಸಲು ಆ ಬಟ್ಟೆಗಳೇ ಸಾಕ್ಷಿ. ಗೋಡೆಯ ಮೇಲೆ ಮಾದರಿ ಚಿತ್ರಗಳನ್ನು ಅಂಟಿಸಿದ್ದರು, ಬಂದವರು ತಮಗೆ ಬೇಕಾದ ಭಂಗಿಯನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಸೂಟು, ಟೈ, ಗಡಿಯಾರ, ಪೆನ್ನು, ರೇಡಿಯೋ, ಸ್ಕೂಟರ್ ಎಲ್ಲವೂ ಸ್ಟುಡಿಯೋದಲ್ಲಿ ಇರುತ್ತಿದ್ದವು. ಹೆಂಗಸರು ತಮ್ಮ ಅತ್ಯುತ್ತಮ ಉಡುಪು, ಒಡವೆ ತೊಟ್ಟು ಬರುತ್ತಿದ್ದರು, ಉಡುಪಿನ ನೆರಿಗೆ ಪೂರ್ತಿ ಹರಡಿ ಕಾಣುವಂತೆ ಅವರನ್ನು ಕೂರಿಸುತ್ತಿದ್ದರು. ಫಿಲ್ಮ್ ದುಬಾರಿ, ಆದ್ದರಿಂದ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಚಿತ್ರ. ಒಂದೇ ಅವಕಾಶ ಎಂದಾಗ ಎಷ್ಟು ಜಾಗ್ರತೆ ಬೇಕು ಎಂಬುದನ್ನು, ಒಂದು ನಿಮಿಷದಲ್ಲಿ ಮೂವತ್ತು ಸೆಲ್ಫಿ ತೆಗೆಯುವ ನಾವು ಊಹಿಸಿಕೊಳ್ಳಬೇಕು.

ಎರವಲು ಗಡಿಯಾರ ಕಟ್ಟಿಕೊಂಡು ಚಿತ್ರ ತೆಗೆಸಿಕೊಂಡರೆ ಅದು ಸುಳ್ಳಲ್ಲವೇ ಎಂದು ಕೆಲವರು ಕೇಳಬಹುದು. ಅವರು ಏನಾಗಿದ್ದರು ಎಂಬುದಷ್ಟೇ ಅಲ್ಲ, ಏನಾಗಲು ಬಯಸಿದ್ದರು ಎಂಬುದೂ ಒಬ್ಬ ಮನುಷ್ಯನ ಸತ್ಯವೇ. 1960ರಲ್ಲಿ ಸ್ವತಂತ್ರವಾಗಲಿದ್ದ ಒಂದು ದೇಶದ ಜನ ತಮ್ಮನ್ನು ತಾವು ಹೇಗೆ ಕಂಡುಕೊಂಡರು ಎಂಬುದಕ್ಕೆ ಆ ಚಿತ್ರಗಳಿಗಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ.

ಸ್ವಾತಂತ್ರ್ಯಾನಂತರ ಕೇಯ್ಟಾ ಸರ್ಕಾರಿ ಛಾಯಾಗ್ರಾಹಕರಾದರು, ಸ್ಟುಡಿಯೋ ಮುಚ್ಚಿತು. ಆದರೆ ಸಾವಿರಾರು ನೆಗೆಟಿವ್‌ಗಳನ್ನು ಅವರು ಜೋಪಾನವಾಗಿ ಇಟ್ಟಿದ್ದರು. 1991ರಲ್ಲಿ ನ್ಯೂಯಾರ್ಕಿನ ಒಂದು ಪ್ರದರ್ಶನದಲ್ಲಿ ಅವರ ಕೆಲವು ಚಿತ್ರಗಳು ಛಾಯಾಗ್ರಾಹಕರ ಹೆಸರಿಲ್ಲದೆ ತೂಗಾಡಿದವು. ಅವುಗಳ ಬೆನ್ನು ಹತ್ತಿದ ಫ್ರಾನ್ಸಿನ ಆಂದ್ರೆ ಮಾನ್ಯಾಂ ಬಮಾಕೊಗೆ ಬಂದು ಅವರನ್ನು ಪತ್ತೆ ಮಾಡಿದರು. 1994ರಲ್ಲಿ ಪ್ಯಾರಿಸ್‌ನಲ್ಲಿ ಅವರದೇ ಪ್ರದರ್ಶನ ನಡೆಯಿತು. ಅಂಗೈಯಗಲದ ಚಿತ್ರಗಳು ಗೋಡೆಯಗಲ ಆದವು. 2001ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಹೆಸರು ಜಗತ್ತಿಗೆಲ್ಲ ಗೊತ್ತಿತ್ತು. ಚಿತ್ರದಲ್ಲಿರುವವರ ಹೆಸರುಗಳು ಮಾತ್ರ ಬಹುಪಾಲು ಕಳೆದುಹೋಗಿವೆ. ಒಂದು ಕಾಲದಲ್ಲಿ ಅಮ್ಮ, ಚಿಕ್ಕಪ್ಪ, ಮದುವಣಗಿತ್ತಿ ಎಂದು ಮನೆಯವರು ಗುರುತಿಸುತ್ತಿದ್ದ ಮುಖಗಳು ಈಗ 'ಶೀರ್ಷಿಕೆಯಿಲ್ಲ' ಎಂಬ ಚೀಟಿಯ ಮೇಲೆ ನಿಂತಿವೆ.

ಒಬ್ಬ ಗುರು, ಇಬ್ಬರು ಶಿಷ್ಯರು

ಫ್ಯಾಷನ್ ಚಿತ್ರದಲ್ಲಿ ಹಕ್ಕುದಾರರು ಇನ್ನೂ ಹೆಚ್ಚು. ಉಡುಪು ವಿನ್ಯಾಸಕರು, ರೂಪದರ್ಶಿ, ಪತ್ರಿಕೆಯ ಸಂಪಾದಕರು, ಪುಟ ಜೋಡಿಸುವ ಕಲಾ ನಿರ್ದೇಶಕರು, ಇವರೆಲ್ಲರ ನಡುವೆ ಛಾಯಾಗ್ರಾಹಕರು ತಮ್ಮ ಕಣ್ಣನ್ನು ಉಳಿಸಿಕೊಳ್ಳಬೇಕು. ಅಮೆರಿಕದ 'ಹಾರ್ಪರ್ಸ್ ಬಜಾರ್' ಪತ್ರಿಕೆಯಲ್ಲಿ 1936ರಿಂದ 1958ರವರೆಗೆ ದುಡಿದ ಲೂಯಿಸ್ ಡಾಲ್-ವುಲ್ಫ್ ಇದಕ್ಕೆ ಒಳ್ಳೆಯ ಉದಾಹರಣೆ. ಚಿತ್ರಕಲೆ ಮತ್ತು ಬಣ್ಣಗಳನ್ನು ಕಲಿತು ಬಂದ ಆಕೆ, ಸ್ಟುಡಿಯೋದ ಗೋಡೆಗಳೊಳಗಿದ್ದ ರೂಪದರ್ಶಿಯರನ್ನು ಬಿಸಿಲಿಗೆ, ಮರಳಿಗೆ, ಹಳೆಯ ಕಟ್ಟಡಗಳ ನಡುವೆ ಕರೆತಂದರು. ಬಣ್ಣ ಮುದ್ರಣ ಸರಿಯಾಗುವವರೆಗೂ ಅಚ್ಚಿನವರನ್ನು ಬಿಡುತ್ತಿರಲಿಲ್ಲ. ಕೊನೆಗೆ ಹೊಸ ಕಲಾ ನಿರ್ದೇಶಕರೊಬ್ಬರು ತಮ್ಮ ಕ್ಯಾಮೆರಾದಲ್ಲಿ ಇಣುಕಿ ನೋಡಿದ್ದು ಸಹಿಸದೆ ಪತ್ರಿಕೆ ಬಿಟ್ಟರು ಎಂಬ ಮಾತು ಪ್ರಸಿದ್ಧವಾಗಿದೆ.

ಅದೇ ಪತ್ರಿಕೆಯ ಹಿಂದಿನ ಕಲಾ ನಿರ್ದೇಶಕ ಅಲೆಕ್ಸಿ ಬ್ರೊಡೊವಿಚ್ ರಷ್ಯಾದಿಂದ ವಲಸೆ ಬಂದವರು, ಕಠಿಣ ಗುರು. ಕಂಡದ್ದನ್ನೇ ಮತ್ತೆ ತೋರಿಸಬೇಡಿ, ನನ್ನನ್ನು ಬೆರಗುಗೊಳಿಸಿ ಎಂಬುದು ಅವರು ಶಿಷ್ಯರಿಗೆ ಒಡ್ಡುತ್ತಿದ್ದ ಸವಾಲು. ಅವರ ಬಳಿ ಕಲಿತ ಇಬ್ಬರು, ಅರ್ವಿಂಗ್ ಪೆನ್ ಮತ್ತು ರಿಚರ್ಡ್ ಅವೆಡನ್, 20ನೆಯ ಶತಮಾನದ ಫ್ಯಾಷನ್ ಛಾಯಾಗ್ರಹಣದ ಎರಡು ದೊಡ್ಡ ಹೆಸರುಗಳಾದರು. ಗುರು ಒಬ್ಬರೇ, ದಾರಿ ಮಾತ್ರ ಬೇರೆ ಬೇರೆ.

ಪೆನ್ ಮೊದಲು ಚಿತ್ರಕಾರನಾಗಬೇಕೆಂದು ಮೆಕ್ಸಿಕೊದಲ್ಲಿ ಒಂದು ವರ್ಷ ಕಳೆದರು. ತಮ್ಮ ಚಿತ್ರಗಳು ತಮಗೇ ಹಿಡಿಸದೆ ಕ್ಯಾನ್ವಾಸುಗಳನ್ನು ತೊಳೆದುಬಿಟ್ಟರು. 1943ರಲ್ಲಿ 'ವೋಗ್' ಪತ್ರಿಕೆಯ ಕೆಲಸ ಆರಂಭಿಸಿದರು. 1948ರ ಕೊನೆಯಲ್ಲಿ ಪೆರು ದೇಶದ ಕುಸ್ಕೊ ನಗರದಲ್ಲಿ ಸ್ಥಳೀಯ ಛಾಯಾಗ್ರಾಹಕರ ಸ್ಟುಡಿಯೋವನ್ನು ಕೆಲವು ದಿನಗಳಿಗೆ ಬಾಡಿಗೆಗೆ ಪಡೆದರು. ಹಬ್ಬದ ಸಮಯ. ಬೆಟ್ಟದ ಊರುಗಳಿಂದ ಬಂದ ಜನ ಎಂದಿನಂತೆ ಚಿತ್ರ ತೆಗೆಸಿಕೊಳ್ಳಲು ಬಂದರು, ಹಣ ಕೊಡಲು ಸಿದ್ಧರಾಗಿದ್ದರು. ಪೆನ್ ಅವರಿಗೇ ಹಣ ಕೊಟ್ಟು ಚಿತ್ರ ತೆಗೆದರು.

1950ರಲ್ಲಿ ಪ್ಯಾರಿಸ್‌ನ ಒಂದು ಕಟ್ಟಡದ ಮೇಲಂತಸ್ತಿನಲ್ಲಿ ಹಳೆಯ ನಾಟಕದ ಪರದೆಯೊಂದನ್ನು ಹಿನ್ನೆಲೆಯಾಗಿ ತೂಗುಹಾಕಿದರು. ಉತ್ತರ ದಿಕ್ಕಿನ ಮೆದು ಬೆಳಕು. ಅದರ ಮುಂದೆ ದುಬಾರಿ ಉಡುಪು ತೊಟ್ಟ ರೂಪದರ್ಶಿಯರು ನಿಂತರು. ಅದೇ ಪರದೆಯ ಮುಂದೆ, ಅದೇ ಬೆಳಕಿನಲ್ಲಿ, ಕಟುಕರು, ಪರಿಚಾರಕರು ಮುಂತಾದ ದುಡಿಯುವ ಜನರು ತಮ್ಮ ಕೆಲಸದ ಬಟ್ಟೆಯಲ್ಲಿ, ತಮ್ಮ ಸಲಕರಣೆ ಹಿಡಿದು ನಿಂತರು. ಕೊಳೆಯಾದ ಏಪ್ರನ್ನಿಗೂ ರೇಷ್ಮೆಯ ಗೌನಿಗೂ ಅವರು ಕೊಟ್ಟ ಗಮನ ಒಂದೇ. ನೋಡುವವರಿಗೆ ಎರಡರಲ್ಲೂ ಕಾಣುವುದು ನೇರವಾಗಿ ನಿಂತ ಮನುಷ್ಯ. ಆ ಪರದೆಯನ್ನು ಪೆನ್ ಜೀವನಪೂರ್ತಿ ಇಟ್ಟುಕೊಂಡರು. ಮುಂದೆ ನೇಪಾಳ, ಕ್ಯಾಮರೂನ್, ಮೊರಾಕ್ಕೊ ಮುಂತಾದ ಕಡೆ ಮಡಚಿ ಒಯ್ಯಬಲ್ಲ ಡೇರೆಯ ಸ್ಟುಡಿಯೋ ಹೊತ್ತು ತಿರುಗಿದರು. ಆ ಡೇರೆ ತನ್ನ ಮನೆಯೂ ಅಲ್ಲ, ಕುಳಿತವರ ಮನೆಯೂ ಅಲ್ಲ, ಹಾಗಾಗಿ ಇಬ್ಬರೂ ಅಲ್ಲಿ ಸಮಾನ ಅಪರಿಚಿತರು ಎಂಬ ಭಾವ ಅವರದು.

ಅವೆಡನ್ 1923ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದರು. ತಂದೆಯದು ಹೆಂಗಸರ ಬಟ್ಟೆ ಅಂಗಡಿ, ಆದ್ದರಿಂದ ಫ್ಯಾಷನ್ ಪತ್ರಿಕೆಗಳು ಮನೆಯಲ್ಲೇ ಇದ್ದವು. ಮನೆಯ ಆಲ್ಬಂ ಬಗ್ಗೆ ಅವರು ಬರೆದ ಒಂದು ವಿಷಯ ಮರೆಯಲಾಗದ್ದು. ಕುಟುಂಬದ ಚಿತ್ರ ತೆಗೆಸಿಕೊಳ್ಳುವಾಗ ತಮ್ಮದಲ್ಲದ ಕಾರಿನ ಮುಂದೆ ನಿಲ್ಲುತ್ತಿದ್ದರು, ಯಾರದೋ ನಾಯಿಯನ್ನು ಎರವಲು ತಂದು ಜೊತೆಗಿರಿಸಿಕೊಳ್ಳುತ್ತಿದ್ದರು. ಬಮಾಕೊದ ಗಡಿಯಾರವೂ ನ್ಯೂಯಾರ್ಕಿನ ನಾಯಿಯೂ ಒಂದೇ ಆಸೆಯ ಎರಡು ರೂಪ ಅಲ್ಲವೇ?

ಯುದ್ಧಕಾಲದಲ್ಲಿ ವ್ಯಾಪಾರಿ ನೌಕಾಪಡೆಯಲ್ಲಿದ್ದಾಗ ಸಾವಿರಾರು ನಾವಿಕರ ಗುರುತಿನ ಚೀಟಿಗೆ ಚಿತ್ರ ತೆಗೆಯುವುದು ಅವರ ಕೆಲಸವಾಗಿತ್ತು. ಬರಿಯ ಗೋಡೆ, ನೇರ ಮುಖ. ಫ್ಯಾಷನ್ ಚಿತ್ರಗಳಿಗೆ ಅವರು ಚಲನೆ, ನಗು, ಗಾಳಿ ತಂದರು. 1955ರಲ್ಲಿ ಪ್ಯಾರಿಸ್‌ನ ಸರ್ಕಸ್ಸಿನ ಆನೆಗಳ ನಡುವೆ ಡೊವಿಮಾ ಎಂಬ ರೂಪದರ್ಶಿ ನಿಂತ ಚಿತ್ರ ಇಂದಿಗೂ ಪ್ರಸಿದ್ಧ. ಆದರೆ ಆ ಸೌಂದರ್ಯದ ಹಿಂದೆ ಒಂದು ನೋವಿತ್ತು. ಅವರ ತಂಗಿ ಲೂಯಿಸ್ ಬಹಳ ಸುಂದರಿ, ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿ 42ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಾನು ಆರಂಭದಲ್ಲಿ ಆರಿಸಿದ ರೂಪದರ್ಶಿಯರೆಲ್ಲ ತಂಗಿಯ ನೆನಪುಗಳೇ ಎಂದು ಅವೆಡನ್ ಹೇಳಿಕೊಂಡಿದ್ದಾರೆ. ಮುಖ ಸುಂದರವಾಗಿದೆ ಎಂದು ಹೊಗಳುತ್ತಾ ಒಳಗಿನ ಸಂಕಟವನ್ನು ಯಾರೂ ಕಾಣದೆ ಹೋಗಬಹುದು ಎಂಬ ಅರಿವು ಅವರ ಮುಂದಿನ ಭಾವಚಿತ್ರಗಳಲ್ಲಿದೆ.

1979ರಿಂದ 1984ರವರೆಗೆ ಅವರು ಅಮೆರಿಕದ ಪಶ್ಚಿಮ ಭಾಗದಲ್ಲಿ ಸುತ್ತಿ ಗಣಿ ಕಾರ್ಮಿಕರು, ಲಾರಿ ಚಾಲಕರು, ಅಲೆಮಾರಿಗಳನ್ನು ಬಿಳಿ ಕಾಗದದ ಮುಂದೆ ನಿಲ್ಲಿಸಿ ಚಿತ್ರ ತೆಗೆದರು. ನಗಿಸಲಿಲ್ಲ. ಪ್ರದರ್ಶನ ನಡೆದಾಗ ತೀವ್ರ ಆಕ್ಷೇಪ ಬಂತು: ನ್ಯೂಯಾರ್ಕಿನ ಫ್ಯಾಷನ್ ಮನುಷ್ಯ ನಮ್ಮ ಜನರನ್ನು ಕುಗ್ಗಿದವರಂತೆ ತೋರಿಸಿದ್ದಾನೆ ಎಂದು. ಚಿತ್ರದಲ್ಲಿರುವುದು ಆ ಜನರ ಕುರಿತ ತನ್ನ ಅಭಿಪ್ರಾಯ ಎಂಬುದನ್ನು ಅವೆಡನ್ ಮುಚ್ಚಿಡಲಿಲ್ಲ. ಹೀಗೆ ಒಬ್ಬ ಗುರುವಿನ ಶಿಷ್ಯರಲ್ಲಿ ಒಬ್ಬರು ಸಮಾನ ನೆಲವನ್ನು ಹುಡುಕಿದರು, ಇನ್ನೊಬ್ಬರು ಚಿತ್ರ ತನ್ನದೇ ಎಂದು ಒಪ್ಪಿಕೊಂಡರು. ಒಪ್ಪಿಕೊಳ್ಳುವುದೂ ಒಂದು ಪ್ರಾಮಾಣಿಕತೆಯೇ. ಆದರೆ ಅದರ ಬೆಲೆಯನ್ನು ತೆರುವವರು ಚಿತ್ರದಲ್ಲಿರುವವರು ಎಂಬುದನ್ನೂ ಮರೆಯುವಂತಿಲ್ಲ.

ಪೊರಕೆ ಹಿಡಿದ ತಾಯಿ

ಇದುವರೆಗೆ ಕಂಡದ್ದೆಲ್ಲ ಕ್ಯಾಮೆರಾದ ಮುಂದೆ ಬಂದವರ ಮಾತು. ಅಲ್ಲಿಗೆ ಬರಲು ಯಾರೂ ಕರೆಯದವರ ಗತಿಯೇನು? ಗಾರ್ಡನ್ ಪಾರ್ಕ್ಸ್ ಅವರ ಬದುಕು ಇದನ್ನೇ ಕೇಳುತ್ತದೆ.

1912ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಬಡ ಕಪ್ಪು ಕುಟುಂಬದಲ್ಲಿ 15 ಮಕ್ಕಳಲ್ಲಿ ಕೊನೆಯವರಾಗಿ ಹುಟ್ಟಿದರು. ಹದಿಹರೆಯದಲ್ಲೇ ತಾಯಿ ತೀರಿಕೊಂಡರು, ಹುಡುಗ ಬೀದಿಗೆ ಬಿದ್ದ. ಮುಂದೆ ರೈಲಿನಲ್ಲಿ ಊಟ ಬಡಿಸುವ ಕೆಲಸ ಸಿಕ್ಕಿತು. ಪ್ರಯಾಣಿಕರು ಬಿಟ್ಟುಹೋದ ಪತ್ರಿಕೆಗಳಲ್ಲಿ ಒಮ್ಮೆ ನೆಲ ಕಳೆದುಕೊಂಡು ವಲಸೆ ಹೊರಟ ರೈತ ಕೂಲಿಗಳ ಚಿತ್ರಗಳನ್ನು ಕಂಡರು. ಬಡತನದ ವಿರುದ್ಧ ಕ್ಯಾಮೆರಾ ಒಂದು ಆಯುಧವಾಗಬಲ್ಲದು ಎಂದು ಅವರಿಗೆ ಹೊಳೆದದ್ದು ಆಗ. ಗಿರವಿ ಅಂಗಡಿಯಿಂದ ಹಳೆಯ ಕ್ಯಾಮೆರಾ ಕೊಂಡರು, ತಾವೇ ಕಲಿತರು.

ಸೇಂಟ್ ಪಾಲ್ ನಗರದ ಒಂದು ಉಡುಪಿನ ಅಂಗಡಿಗೆ ಹೋಗಿ ಫ್ಯಾಷನ್ ಚಿತ್ರ ತೆಗೆಯುವ ಅವಕಾಶ ಕೇಳಿದರು. ಮಾಲೀಕರ ಹೆಂಡತಿ ಒಪ್ಪಿದರು. ಗಾಬರಿಯಲ್ಲಿ ಒಂದರ ಮೇಲೊಂದು ಚಿತ್ರ ಬಿದ್ದು ಒಂದನ್ನು ಬಿಟ್ಟು ಎಲ್ಲವೂ ಹಾಳಾದವು. ಉಳಿದ ಆ ಒಂದನ್ನೇ ದೊಡ್ಡದಾಗಿಸಿ ತೋರಿಸಿದರು, ಮತ್ತೆ ಅವಕಾಶ ಸಿಕ್ಕಿತು.

1942ರಲ್ಲಿ ಸರ್ಕಾರದ ಛಾಯಾಗ್ರಹಣ ವಿಭಾಗಕ್ಕೆ ಸೇರಲು ವಾಷಿಂಗ್ಟನ್ನಿಗೆ ಬಂದರು. ಅಲ್ಲಿನ ಮುಖ್ಯಸ್ಥ ರಾಯ್ ಸ್ಟ್ರೈಕರ್ ಮೊದಲ ದಿನ ಅವರ ಕ್ಯಾಮೆರಾ ತೆಗೆದಿರಿಸಿ, ಊರು ಸುತ್ತಿ ಬಾ, ಊಟ ಮಾಡು, ಕೋಟು ಕೊಳ್ಳು, ಸಿನಿಮಾ ನೋಡು ಎಂದರು. ಹೋಟೆಲು, ಅಂಗಡಿ, ಚಿತ್ರಮಂದಿರ ಮೂರೂ ಕಡೆ ಕಪ್ಪು ಮನುಷ್ಯನೆಂಬ ಕಾರಣಕ್ಕೆ ಅವಮಾನವಾಯಿತು. ಕುದಿಯುತ್ತಾ ಹಿಂದಿರುಗಿದ ಅವರಿಗೆ ಸ್ಟ್ರೈಕರ್ ಕೊಟ್ಟ ಸಲಹೆ ಸರಳವಾಗಿತ್ತು: ಈ ಕಟ್ಟಡದಲ್ಲೇ ಕಸ ಗುಡಿಸುವ ಹೆಂಗಸಿನ ಜೊತೆ ಮಾತಾಡು.

ಆಕೆಯ ಹೆಸರು ಎಲ್ಲಾ ವಾಟ್ಸನ್. ಪಾರ್ಕ್ಸ್ ಮೊದಲು ಆಕೆಯ ಬದುಕಿನ ಕಥೆ ಕೇಳಿದರು. ಆಮೇಲೆ ಅಮೆರಿಕದ ದೊಡ್ಡ ಧ್ವಜದ ಮುಂದೆ, ಒಂದು ಬದಿ ಪೊರಕೆ, ಇನ್ನೊಂದು ಬದಿ ನೆಲ ಒರೆಸುವ ಕೋಲು ಇರಿಸಿ ನಿಲ್ಲಿಸಿದರು. ಸಾದಾ ಚುಕ್ಕೆ ಉಡುಪು, ನೇರ ಕಣ್ಣು. ದೇಶ ಕೊಟ್ಟ ಮಾತಿಗೂ ಆಕೆಗೆ ಸಿಕ್ಕ ಪಾಲಿಗೂ ಇರುವ ಅಂತರ ಒಂದೇ ಚೌಕಟ್ಟಿನಲ್ಲಿದೆ. ಪಾರ್ಕ್ಸ್ ಅಷ್ಟಕ್ಕೇ ನಿಲ್ಲಲಿಲ್ಲ. ಮುಂದೆ ಆಕೆಯ ಮನೆ, ಮೊಮ್ಮಕ್ಕಳು, ಪ್ರಾರ್ಥನೆ ಎಲ್ಲವನ್ನೂ ಚಿತ್ರಿಸಿದರು. ಧ್ವಜದ ಮುಂದೆ ಸಂಕೇತವಾಗಿ ನಿಂತಾಕೆ ಉಳಿದ ಚಿತ್ರಗಳಲ್ಲಿ ಅಜ್ಜಿಯಾಗಿ, ನೆರೆಯವಳಾಗಿ ಕಾಣುತ್ತಾಳೆ.

ಆಮೇಲೆ 'ವೋಗ್'ಗೆ ಫ್ಯಾಷನ್ ಚಿತ್ರ ತೆಗೆದರು. 1948ರಲ್ಲಿ 'ಲೈಫ್' ಪತ್ರಿಕೆಗೆ ಹಾರ್ಲೆಮ್‌ನ ಗ್ಯಾಂಗ್ ಒಂದರ 17ರ ಯುವ ನಾಯಕನ ಬಗ್ಗೆ ನೂರಾರು ಚಿತ್ರ ತೆಗೆದರು. ಪತ್ರಿಕೆ ಅಚ್ಚು ಹಾಕಿದ್ದು 21 ಮಾತ್ರ. ಹುಡುಗನ ಮನೆಯ ಪ್ರೀತಿ, ದಿನನಿತ್ಯದ ಮೃದು ಕ್ಷಣಗಳು ಹಿಂದೆ ಸರಿದು ಹೊಡೆದಾಟವೇ ಮುಂದೆ ಬಂತು. ತೆಗೆದವರು ಒಬ್ಬರು, ಆರಿಸಿದವರು ಮತ್ತೊಬ್ಬರು. ಅದೇ ವರ್ಷ ಪಾರ್ಕ್ಸ್ ಆ ಪತ್ರಿಕೆಯ ಮೊದಲ ಕಪ್ಪು ಸಿಬ್ಬಂದಿ ಛಾಯಾಗ್ರಾಹಕರಾದರು. 1963ರಲ್ಲಿ ಮಾಲ್ಕಂ ಎಕ್ಸ್ ಮತ್ತು ಅವರ ಸಂಗಡಿಗರ ಕುರಿತು, 1966ರಲ್ಲಿ ಮುಹಮ್ಮದ್ ಅಲಿ ಕುರಿತು ಕೆಲಸ ಮಾಡಿದರು. ಬಿಳಿಯರ ಪತ್ರಿಕೆಗಳನ್ನು ನಂಬದಿದ್ದ ಜನ ಪಾರ್ಕ್ಸ್‌ರನ್ನು ಒಳಗೆ ಬಿಟ್ಟುಕೊಂಡರು. ಆ ನಂಬಿಕೆ ಎಷ್ಟು ಆಳವಾಯಿತೆಂದರೆ ಮಾಲ್ಕಂ ಅವರ ಒಬ್ಬ ಮಗಳಿಗೆ ಪಾರ್ಕ್ಸ್ ಧರ್ಮಪಿತನ ಸ್ಥಾನದಲ್ಲಿದ್ದರು.

ನಮಗೆ ಸಿಗುವ ಪಾಠ

ಈ ಎಲ್ಲರ ಸ್ಫೂರ್ತಿ ಎಲ್ಲಿಂದ ಬಂತು ಎಂದು ಒಮ್ಮೆ ಹಿಂದಿರುಗಿ ನೋಡಿ. ಸೋದರಮಾವನ ಅಂಗಡಿ, ಚಿಕ್ಕಪ್ಪನ ಉಡುಗೊರೆ, ಅಪ್ಪನ ಬಟ್ಟೆ ಅಂಗಡಿ, ತಂಗಿಯ ನೋವು, ರೈಲಿನಲ್ಲಿ ಸಿಕ್ಕ ಹಳೆಯ ಪತ್ರಿಕೆ. ಯಾವುದೂ ದುಬಾರಿ ಉಪಕರಣವಲ್ಲ. ಎಲ್ಲರೂ ತಮಗೆ ಸಿಕ್ಕದ್ದನ್ನು, ತಾವು ಕಳೆದುಕೊಂಡದ್ದನ್ನು ಇನ್ನೊಬ್ಬರ ಮುಖದಲ್ಲಿ ಹುಡುಕಿದರು.

ಚಿತ್ರ ಯಾರದು ಎಂಬ ಪ್ರಶ್ನೆಗೆ ಅವರು ಒಂದೇ ಉತ್ತರ ಕೊಡಲಿಲ್ಲ. ಆದರೆ ಒಂದು ಮಾತು ಸ್ಪಷ್ಟ: ಕ್ಯಾಮೆರಾ ಹಿಡಿದವರ ಕೈಯಲ್ಲಿ ಅಧಿಕಾರವಿದೆ, ಮುಂದೆ ನಿಂತವರು ನಂಬಿ ನಿಂತಿರುತ್ತಾರೆ. ಚಿತ್ರ ಇಬ್ಬರದೂ ಹೌದು. ಆದರೆ ಮುಖ ಒಬ್ಬರದೇ, ಅದರಿಂದ ಆಗುವ ಮಾನ ಅವಮಾನಗಳೂ ಅವರದೇ. ಆದ್ದರಿಂದ ತೆಗೆಯುವ ಮುನ್ನವೂ ಹಂಚುವ ಮುನ್ನವೂ ಕೊನೆಯ ಮಾತು ಅವರದಾಗಿರಬೇಕು. ಗೆಳತಿ ಬೇಡ ಎಂದ ಚಿತ್ರವನ್ನು ಅಳಿಸುವುದಕ್ಕೆ ಒಂದು ಕ್ಷಣ ಸಾಕು. ಗುಂಪಿನಿಂದ ಗುಂಪಿಗೆ ಹೋದ ಮೇಲೆ ಅದನ್ನು ಹಿಂದಕ್ಕೆ ತರಲು ಯಾರಿಂದಲೂ ಆಗುವುದಿಲ್ಲ.

ಮಾಡಿ ನೋಡಿ

1. ಕಿಟಕಿಯಿಂದ ಎರಡು ಮೂರು ಅಡಿ ದೂರದಲ್ಲಿ, ನೇರ ಬಿಸಿಲು ಬೀಳದ ಕಡೆ ಒಬ್ಬರನ್ನು ಕೂರಿಸಿ. ಮೊಬೈಲಿನ ಫ್ಲ್ಯಾಷ್ ಆರಿಸಿ. ಅವರು ಮುಖವನ್ನು ಕಿಟಕಿಯ ಕಡೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿರಲಿ. ನೆರಳು ಬದಲಾದಂತೆ ಭಾವ ಹೇಗೆ ಬದಲಾಗುತ್ತದೆ ಎಂದು ಗಮನಿಸಿ.

2. ಒಬ್ಬರಿಗೆ ಒಂದೇ ಚಿತ್ರ ಎಂಬ ನಿಯಮ ಹಾಕಿಕೊಳ್ಳಿ. ಅದಕ್ಕೆ ಮೊದಲು ಐದು ನಿಮಿಷ ಅವರೊಡನೆ ಮಾತಾಡಿ. ಹೇಗೆ ಕಾಣಲು ಇಷ್ಟ ಎಂದು ಅವರನ್ನೇ ಕೇಳಿ.

3. ಕಾಲೇಜಿನ ಒಂದು ಗೋಡೆ ಆರಿಸಿಕೊಂಡು ಅದೇ ಬೆಳಕಿನಲ್ಲಿ ಪ್ರಾಂಶುಪಾಲರು, ಅಟೆಂಡರ್, ಲೈಬ್ರೇರಿಯನ್, ಕ್ಯಾಂಟೀನಿನವರು, ಸಹಪಾಠಿ, ಒಪ್ಪಿದವರೆಲ್ಲರ ಚಿತ್ರ ತೆಗೆಯಿರಿ. ಎಲ್ಲವೂ ಒಂದೇ ಅಳತೆಯಲ್ಲಿರಲಿ.

4. ಪ್ರತಿ ಚಿತ್ರದ ಜೊತೆ ಹೆಸರು, ದಿನಾಂಕ, ಸ್ಥಳ ಬರೆದಿಡಿ. ಮನೆಯ ಹಳೆಯ ಆಲ್ಬಂ ತೆರೆದು, ಹಿರಿಯರು ಇರುವಾಗಲೇ, ಅದರಲ್ಲಿರುವವರ ಹೆಸರು ಕೇಳಿ ಬರೆದುಕೊಳ್ಳಿ.

ಚಿಂತನೆಗೆ

* ಚರ್ಚಿಲ್‌ರ ಸಿಟ್ಟಿನ ಚಿತ್ರ ಮತ್ತು ನಗುವ ಚಿತ್ರ, ಇವುಗಳಲ್ಲಿ ಯಾವುದು ಹೆಚ್ಚು ನಿಜ? ಯಾಕೆ?
* ಎರವಲು ವಸ್ತುಗಳೊಂದಿಗೆ ತೆಗೆದ ಚಿತ್ರಕ್ಕೂ, ಇಂದು ಮೊಬೈಲಿನಲ್ಲಿ ಮುಖವನ್ನೇ ತಿದ್ದಿ ಹಾಕುವ ಚಿತ್ರಕ್ಕೂ ವ್ಯತ್ಯಾಸವಿದೆಯೇ?
* ನಿಮ್ಮ ಬದುಕನ್ನು 21 ಚಿತ್ರಗಳಲ್ಲಿ ಹೇಳುವುದಾದರೆ ಅವನ್ನು ಆರಿಸುವ ಕೆಲಸವನ್ನು ಯಾರಿಗೆ ಒಪ್ಪಿಸುತ್ತೀರಿ?